ಗಡ್ಡ ಹೇಳಿದ ಸುಳ್ಳು

೯ ಜೂನ್ ೧೯೮೫, ರವಿವಾರ. ಬೆಟಗೇರಿ

ಇವತ್ತು ಲಕ್ಷ್ಮೇಶ್ವರಕ್ಕೆ ಹೋಗಿ ಬಂದೆ. ಪ್ರತಿ ರವಿವಾರ ಹೋಗುವುದು ತಮ್ಮನನ್ನು ನೋಡಲಿಕ್ಕೆ ಅಂತ ಎಲ್ಲರಿಗೂ ಹೇಳುತ್ತೇನೆ. ಖರೆ ಅಂದರೆ ನನ್ನ ಕಿಡ್ನಿಯನ್ನು ನೋಡಲಿಕ್ಕೆ. ಎರಡು ವರ್ಷದ ಹಿಂದೆ ವೇಲೂರಿನಲ್ಲಿ ನನ್ನ ಹೊಟ್ಟೆಯಿಂದ ತೆಗೆದು ಗುರುರಾಜನ ಹೊಟ್ಟೆಯಲ್ಲಿ ಇಟ್ಟದ್ದು. ಮಗಳನ್ನು ಬೇರೆ ಮನೆಗೆ ಕೊಟ್ಟ ತಾಯಿ ಹೇಗಿರುತ್ತಾಳೋ ನನಗೆ ಗೊತ್ತಿಲ್ಲ, ನನಗೆ ಮದುವೆಯೇ ಆಗಲಿಲ್ಲ. ಬಹುಶಃ ಹೀಗೇ ಇರಬೇಕು. ಸರಿಯಾಗಿ ಊಟಕ್ಕೆ ಹಾಕುತ್ತಾರೋ ಇಲ್ಲವೋ ಅಂತ ಬೀಗರ ಅಡಿಗೆಮನೆಗೆ ಇಣುಕುವುದು.

ಹೋದಕೂಡಲೇ ನಾನು ಕೇಳುವ ಮಾತು ಮೂರೇ. "ಗುಳಿಗಿ ತಗೊಂಡ್ಯಾ? ನೀರು ಕುಡದ್ಯಾ? ಒಂದಕ್ಕ ಸರಿ ಆತಾ?" ಇವತ್ತು ಅವನು ರೇಗಿದ.

"ಅಕ್ಕಾ, ಇದು ನಿನ್ನ ಸಾಲಿ ಅಲ್ಲ. ಬಂದಾಗೊಮ್ಮೆ ಹಾಜರಿ ತಗೋಬ್ಯಾಡ."

"ನಂದು ನಾ ಕೇಳ್ತೀನಿ," ಅಂದೆ.

ಅವನ ಹೆಂಡತಿ ವಿಮಲಾ ಒಳಗೆ ಭಕ್ಕರಿ ಬಡಿಯುತ್ತಿದ್ದಳು. ಆ ಸಪ್ಪಳ ಸ್ವಲ್ಪ ನಿಂತು ಮತ್ತೆ ಶುರುವಾಯಿತು.

ರೇಗಿದವನು ಮುಖ ತಿರುಗಿಸಿದ. ಕಿಟಕಿಯ ಬೆಳಕು ಗಲ್ಲದ ಮೇಲೆ ಬಿತ್ತು. ಆಗ ಕಂಡವು ಗುಳ್ಳೆಗಳು. ಸಾಬೂದಾಣಿ ಕಾಳಿನಷ್ಟು, ನುಣ್ಣಗೆ, ಒಂದೊಂದರ ನಡುವೆಯೂ ಸೂಜಿಮೊನೆಯಷ್ಟು ಕುಳಿ. ಗಡ್ಡದ ಕೂದಲಿನ ಬುಡದಲ್ಲೇ ಎದ್ದಿವೆ. ಅದೂ ಅಡ್ಡಾದಿಡ್ಡಿಯಾಗಿ ಅಲ್ಲ, ಕೂರಿಗೆಯಿಂದ ಬಿತ್ತಿದ ಹಾಗೆ ಸಾಲಾಗಿ.

"ಎಷ್ಟು ದಿನ ಆತು?"

"ಯುಗಾದಿ ಮುಂದ ಒಂದ ಇತ್ತು."

ಅವನು ಪ್ರಾಣದೇವರ ಗುಡಿಯ ಅರ್ಚಕ. ನಮ್ಮ ಅಜ್ಜ, ಆಮೇಲೆ ಅಪ್ಪ, ಈಗ ಅವನು. ಮೈಮೇಲೆ ರೋಗ ಇದ್ದವನು ಗರ್ಭಗುಡಿಯೊಳಗೆ ಹೋಗಿ ಹನುಮಪ್ಪನನ್ನು ಮುಟ್ಟುವಂತಿಲ್ಲ. ಗುಡಿಗೆ ಬರುವ ಮಂದಿ ಈ ಗುಳ್ಳೆ ನೋಡಿದರೆ ಒಂದೇ ಶಬ್ದ ಹೇಳುತ್ತಾರೆ. ಆ ಶಬ್ದ ನಾನು ಇಲ್ಲಿ ಬರೆಯುವುದಿಲ್ಲ.

೧೫ ಜೂನ್, ಶನಿವಾರ

ಶಾಲೆಗೆ ರಜೆ ಹಾಕಿ ಅವನನ್ನು ಹುಬ್ಬಳ್ಳಿಯ ಚರ್ಮದ ಡಾಕ್ಟರ ಕಡೆಗೆ ಕರೆದೊಯ್ದೆ. ವಯಸ್ಸಾದ ಡಾಕ್ಟರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ನಾನು ಬಾಯಿ ತೆರೆಯುವ ಮೊದಲೇ, "ಕುಷ್ಠ ಅಲ್ಲರಿ ಬಾಯಾರ," ಅಂದರು. ಅವರ ಕಾಲು ಹಿಡಿಯಬೇಕು ಅನ್ನಿಸಿತು.

ಇದು ಒಂದು ವೈರಸ್ಸಂತೆ. ಸಣ್ಣ ಹುಡುಗರಿಗೆ ಬರುತ್ತದೆ, ತಾನಾಗಿಯೇ ಹೋಗುತ್ತದೆ. ಇವನಿಗೆ ಯಾಕೆ ಹೋಗುವುದಿಲ್ಲ ಅಂತ ಕೇಳಿದೆ.

"ನಮ್ಮ ಮೈಯಾಗ ಒಬ್ಬ ಕಾವಲುಗಾರ ಇರ್ತಾನ," ಅಂದರು. "ನೀವು ಕೊಟ್ಟ ಕಿಡ್ನಿ ಅವನ ಕಣ್ಣಿಗೆ ಕಳ್ಳ. ಹೊಡದು ಹಾಕ್ತಾನ. ಅದಕ್ಕ ದಿನಾ ಗುಳಿಗಿ ಕೊಟ್ಟು ಅವನ್ನ ಮಲಗಿಸೇವಿ. ಮಲಗಿದಾಗ ಸಣ್ಣಪುಟ್ಟ ಖರೆ ಕಳ್ಳರೂ ಒಳಗ ಬರ್ತಾರ. ಈ ಗುಳ್ಳಿ ಅಂಥವು. ಇವು ಇರೂತನಕ ಕಾವಲುಗಾರ ಮಲಗ್ಯಾನ ಅಂತ ತಿಳ್ಕೊರಿ. ಗುಳ್ಳಿ ಕೊಲ್ಲೂದಿಲ್ಲ. ಗುಳಿಗಿ ಬಿಟ್ಟ್ರ ಮಾತ್ರ ಕೆಲಸ ಕೆಡ್ತದ."

ಕೆಲವು ಗುಳ್ಳೆಗಳನ್ನು ಸೂಜಿಯಿಂದ ಚುಚ್ಚಿ ಔಷಧ ಮುಟ್ಟಿಸಿದರು. ಟವೆಲು ಬೇರೆ ಇಡಬೇಕು. ಮುಖಕ್ಕೆ ಕತ್ತಿ ಮುಟ್ಟಿಸಲೇಬಾರದು. ಒಂದು ಕೂದಲಿನ ಬುಡದಿಂದ ಇನ್ನೊಂದಕ್ಕೆ ಅದನ್ನು ಬಿತ್ತುತ್ತಿರುವುದು ಕತ್ತಿಯೇ. ಸಾಲು ಯಾಕೆ ಬಂತು ಅಂತ ಈಗ ತಿಳಿಯಿತು.

ಬಸ್ಸಿನಲ್ಲಿ ಅವನು ಒಂದೇ ಮಾತು ಆಡಿದ. "ಗಡ್ಡ ಬಿಟ್ಟು ಪೂಜಿ ಮಾಡಿದ್ರ ಮಂದಿ ಏನಂದಾರು?"

೭ ಜುಲೈ, ರವಿವಾರ

ಮಂದಿ ಏನಂದರು ಅಂತ ಇವತ್ತು ಗೊತ್ತಾಯಿತು. ನನಗೆ ಇನ್ನೂ ನಗಬೇಕೋ ಅಳಬೇಕೋ ತಿಳಿಯದು.

ನಮ್ಮವರಲ್ಲಿ ಗಂಡಸು ಗಡ್ಡ ಬಿಡುವುದಕ್ಕೆ ಕಾರಣ ಎರಡೇ. ಮನೆಯಲ್ಲಿ ಸೂತಕ ಇರಬೇಕು, ಅದು ಹತ್ತು ದಿನಕ್ಕೆ ಮುಗಿಯುತ್ತದೆ. ಇಲ್ಲವೇ ಹೆಂಡತಿ ಬಸುರಿರಬೇಕು. ಹೆಂಡತಿಯ ಹೊಟ್ಟೆಯಲ್ಲಿ ಕೂಸು ಇರುವ ತನಕ ಗಂಡ ಕ್ಷೌರ ಮಾಡಿಸಬಾರದು ಅಂತ ಶಾಸ್ತ್ರ. ಇದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಕ್ಷೌರ ಮಾಡುವ ಫಕ್ಕೀರಪ್ಪನಿಗೆ. ಊರ ಅಗಸಿಯ ಹತ್ತಿರ ನನ್ನನ್ನು ನೋಡಿ ಓಡಿ ಬಂದ.

"ಅಕ್ಕಾರ, ಬಾಯಿ ಸಿಹಿ ಮಾಡ್ರಿ. ಆಚಾರ್ರು ಮೂರು ವಾರ ಆತು, ಕತ್ತಿ ಬ್ಯಾಡ ಅಂತಾರ. ನನಗ ಅಷ್ಟೂ ತಿಳಿಯಂಗಿಲ್ಲೇನ್ರಿ?"

ಫಕ್ಕೀರಪ್ಪನಿಗೆ ತಿಳಿದದ್ದು ಪ್ಯಾಟಿಗೆ ತಿಳಿಯಿತು, ಪ್ಯಾಟಿಗೆ ತಿಳಿದದ್ದು ನೆರೆಮನೆಯ ಜಾನಕೀಬಾಯಿಗೆ. ನಾನು ಮನೆಗೆ ಹೋಗುವ ಹೊತ್ತಿಗೆ ಆಕೆ ಅಕ್ಕಿ, ತೆಂಗಿನಕಾಯಿ ತಂದು ವಿಮಲಾಳ ಉಡಿ ತುಂಬುತ್ತಿದ್ದಳು.

"ಹನ್ನೊಂದು ವರ್ಷಕ್ಕ ದೇವರು ಕಣ್ಣು ತೆರದಾ ನೋಡವಾ! ನೀವ ಹೇಳಲಿಲ್ಲಂದ್ರ ಏನಾತು, ನಿಮ್ಮ ಯಜಮಾನರ ಗಡ್ಡ ಹೇಳ್ತು."

ವಿಮಲಾ ಸೆರಗು ಹಿಡಿದು ನಿಂತಿದ್ದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಗುರುರಾಜ ನೆಲ ನೋಡುತ್ತಿದ್ದ.

ಜಾನಕೀಬಾಯಿ ಹೋದ ಮೇಲೆ ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು. ಅದಾದ ಮೇಲೆ ತಲೆ ಓಡಿತು. ಈ ಗಡ್ಡದ ಮೇಲೆ ಯಾರೂ ಅನುಮಾನ ಪಡುವುದಿಲ್ಲ, ಗಡ್ಡದ ಕೆಳಗಿನ ಗುಳ್ಳೆ ಯಾರಿಗೂ ಕಾಣುವುದಿಲ್ಲ. ಪೂಜೆಯೂ ಉಳಿಯುತ್ತದೆ, ಗುಳಿಗೆಯೂ ನಡೆಯುತ್ತದೆ.

"ಯಾರೂ ಏನೂ ಹೇಳಬ್ಯಾಡ್ರಿ," ಅಂದೆ. "ನಾವೇನು ಸುಳ್ಳು ಹೇಳಿಲ್ಲ. ಹೇಳಿದ್ದು ಗಡ್ಡ."

ಗುರುರಾಜ ಹೂಂ ಅಂತ ತಲೆ ಅಲ್ಲಾಡಿಸಿದ. ವಿಮಲಾ ಉಡಿಯ ಅಕ್ಕಿಯನ್ನು ಡಬ್ಬಿಗೆ ಸುರಿದಳು. ಆಕೆಯನ್ನು ನಾನು ಕೇಳಿದೆನೋ ಇಲ್ಲವೋ ನೆನಪಿಲ್ಲ.

೮ ಜುಲೈ

ಐದನೆಯ ಇಯತ್ತೆಗೆ ಇವತ್ತು ಸತ್ಯವನ್ನೇ ನುಡಿಯಬೇಕು ಅನ್ನುವ ಪಾಠ. ಯಾವ ಹುಡುಗಿಯೂ ಪ್ರಶ್ನೆ ಕೇಳಲಿಲ್ಲ, ಪುಣ್ಯ.

೨೮ ಜುಲೈ, ರವಿವಾರ

ವಿಮಲಾಗೆ ಒಬ್ಬರ ಮನೆಯಿಂದ ಹುಣಸೆ ಚಿಗಳಿ, ಇನ್ನೊಬ್ಬರ ಮನೆಯಿಂದ ಮಾವಿನ ಉಪ್ಪಿನಕಾಯಿ. ಬಾವಿಯಿಂದ ನೀರು ಸೇದಲಿಕ್ಕೆ ಯಾರೂ ಬಿಡುತ್ತಿಲ್ಲವಂತೆ. "ಆರಾಮ ಸಿಕ್ತು ಬಿಡು," ಅಂದೆ. "ಹೌದ್ರಿ ಅಕ್ಕಾರ," ಅಂದಳು.

ಗುಳ್ಳೆ ಹುಬ್ಬಿಗೂ ಹತ್ತಿವೆ. ಹುಬ್ಬಿನ ಮೇಲೆ ಗಡ್ಡ ಬೆಳೆಯುವುದಿಲ್ಲವಲ್ಲ, ಏನು ಮಾಡುವುದು.

೩೧ ಆಗಸ್ಟ್, ಶ್ರಾವಣ ಶನಿವಾರ

ಗುಡಿಯಲ್ಲಿ ಕಾಲಿಡಲಿಕ್ಕೆ ಜಾಗ ಇರಲಿಲ್ಲ. ಗುರುರಾಜ ತೀರ್ಥ ಕೊಡುತ್ತಿದ್ದ. ಗುಡಿಯ ಹಿರಿಯ ಪಂಚರು ಪಾಂಡುರಂಗರಾಯರು ತೀರ್ಥ ತೆಗೆದುಕೊಂಡು ತಲೆಗೆ ಒರೆಸಿಕೊಳ್ಳುತ್ತಾ ಅವನ ಹುಬ್ಬನ್ನೇ ನೋಡಿದರು.

"ಆಚಾರ್ರ, ಏನ್ರಿ ಅದು?"

"ಉಷ್ಣದ ಗುಳ್ಳಿ."

"ದಸರಾದೊಳಗ ಕಡಿಮಿ ಮಾಡ್ಕೊರಿ. ಮಂದಿ ತೀರ್ಥ ತಗೊಳ್ಳೋ ಕೈ ಅದು. ಕಡಿಮಿ ಆಗಲಿಲ್ಲಂದ್ರ ನಿಮ್ಮ ಕಾಕಾನ ಮಗ ಗೋಪಾಲನ್ನ ಕರಸೂಣು. ತಪ್ಪು ತಿಳೀಬ್ಯಾಡ್ರಿ."

ಕೆಟ್ಟ ಮನುಷ್ಯರಲ್ಲ. ಮೆಲ್ಲಗೇ ಹೇಳಿದರು. ಮನೆಗೆ ಬಂದ ಮೇಲೆ ಗುರುರಾಜ ಊಟ ಮಾಡಲಿಲ್ಲ.

"ಅಕ್ಕಾ, ಇವು ಹೋಗಲಿಕ್ಕೆ ಬ್ಯಾರೆ ಉಪಾಯನ ಇಲ್ಲೇನ?"

"ಡಾಕ್ಟರು ಹೇಳಿದ್ದ ಉಪಾಯ. ತಾಳಿದವ ಬಾಳ್ಯಾನು," ಅಂದೆ. ಗಾದೆ ಹೇಳುವುದು ನನಗೆ ಸಲೀಸು.

೧೫ ಸೆಪ್ಟೆಂಬರ್, ರವಿವಾರ

ಇವತ್ತಿನಂಥ ದಿನ ಈ ವರ್ಷದಲ್ಲೇ ಬಂದಿರಲಿಲ್ಲ! ಗುಳ್ಳೆಗಳು ಕೆಂಪಗಾಗಿ, ಒಣಗಿ, ಉದುರುತ್ತಿವೆ. ಹುಬ್ಬಿನ ಮೇಲೆ ಎರಡೋ ಮೂರೋ ಉಳಿದಿವೆ. ಚುಚ್ಚಿ ಹಾಕಿದ ಔಷಧ ತಡವಾಗಿಯಾದರೂ ಹತ್ತಿತು. ನಾನು ಒಯ್ದ ಬೇವಿನೆಲೆಯ ನೀರೂ ಸ್ವಲ್ಪ ಕೆಲಸ ಮಾಡಿರಬೇಕು, ಮಾಡಿಲ್ಲ ಅಂತ ಯಾರು ಹೇಳುತ್ತಾರೆ?

ಇನ್ನೊಂದು ಸಂತೋಷ. ನಾನು ಬಾಯಿ ತೆರೆಯುವ ಮೊದಲೇ ಅವನೇ, "ಗುಳಿಗಿ ತಗೊಂಡೆ, ನೀರು ಕುಡದೆ, ಎಲ್ಲಾ ಆತು," ಅಂದ. ಎರಡು ವರ್ಷದಲ್ಲಿ ಮೊದಲ ಸಲ ಶಿಷ್ಯ ದಾರಿಗೆ ಬಂದ.

೨೨ ಸೆಪ್ಟೆಂಬರ್, ರವಿವಾರ

ಮುಖ ಪೂರ್ತಿ ತಿಳಿಯಾಗಿದೆ. ಗಡ್ಡ ಸರಿಸಿ ಸರಿಸಿ ನೋಡಿದೆ, ಹುಡುಕಿದರೂ ಒಂದು ಗುಳ್ಳೆ ಇಲ್ಲ. ಗಲ್ಲ ತುಂಬಿಕೊಂಡಿವೆ, ಮೈ ಹತ್ತಿದೆ. ಗದಗಿನಿಂದ ಪೇಡೆ ಒಯ್ದಿದ್ದೆ. ಜಾನಕೀಬಾಯಿ ಎರಡು ತಿಂದು, ನವರಾತ್ರಿಯಲ್ಲಿ ಬಸುರಿಯ ಕುಬಸ ಮಾಡೋಣ, ಬಳೆಗಾರ್ತಿ ಮೋತಿಬಿಗೆ ಹಸಿರು ಬಳೆ ತರಲಿಕ್ಕೆ ಹೇಳುತ್ತೇನೆ ಅಂದಳು. ನಾನು ಪೇಡೆಯ ಡಬ್ಬಿಯನ್ನು ಮತ್ತೆ ಆಕೆಯ ಮುಂದೆ ಹಿಡಿದೆ.

ವಿಮಲಾ ತಿನ್ನಲಿಲ್ಲ. ಇಷ್ಟು ಒಳ್ಳೆಯ ದಿನದಲ್ಲೂ ಮುಖ ಸಣ್ಣದು ಮಾಡಿಕೊಂಡು ಕೂಡುವವರನ್ನು ಕಂಡರೆ ನನಗಾಗುವುದಿಲ್ಲ.

೩ ಅಕ್ಟೋಬರ್, ಗುರುವಾರ

ಶಾಲೆ ಬಿಟ್ಟು ಮನೆಗೆ ಬಂದಾಗ ನನ್ನ ಕಟ್ಟೆಯ ಮೇಲೆ ವಿಮಲಾ ಕೂತಿದ್ದಳು. ಒಬ್ಬಳೇ ಬಸ್ಸು ಹತ್ತಿ ಬಂದಿದ್ದಾಳೆ. ಬಾಜೂ ಮನೆಯ ಮಗ್ಗದ ಸದ್ದಿನಲ್ಲಿ ಆಕೆಯ ದನಿ ಮೊದಲು ಕೇಳಿಸಲಿಲ್ಲ.

"ಅಕ್ಕಾರ, ಇವರ ಮಾರಿ ಭಾಳ ತಿಳಿ ಆಗೇದ. ನನಗ ಅಂಜಿಕಿ ಆಗ್ಲಿಕ್ಕೆ ಹತ್ತೇದ."

"ಮಾರಿ ತಿಳಿ ಆದ್ರ ಅಂಜತಾರೇನ, ಹುಚ್ಚಿ?"

"ಕಾಲು ಬಾತಾವ್ರಿ. ಚಪ್ಪಲಿ ಹಿಡಿಯೂದಿಲ್ಲ. ಒಂದಕ್ಕ ಕಡಿಮಿ ಆಗೇದ. ಇವತ್ತ ಮುಂಜಾನಿ ಬಚ್ಚಲ ಮೋರ್ಯಾಗ ಗುಳಿಗಿ ಸಿಕ್ಕವು."

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಡಾಕ್ಟರ ಮಾತು ನೆನಪಾಯಿತು. ಇವು ಇರೂತನಕ ಕಾವಲುಗಾರ ಮಲಗ್ಯಾನ ಅಂತ ತಿಳ್ಕೊರಿ. ಗುಳ್ಳೆ ಹೋದವು ಅಂದರೆ ಕಾವಲುಗಾರ ಎದ್ದಿದ್ದಾನೆ. ಎದ್ದವನು ಗುಳ್ಳೆಯನ್ನಷ್ಟೇ ಹೊಡೆದು ಸುಮ್ಮನಿರುತ್ತಾನೆಯೇ? ನಾನು ಪೇಡೆ ಹಂಚಿದ್ದು ಅದಕ್ಕೆ.

ವಿಮಲಾ ನೀರು ತಂದು ಕೊಟ್ಟಳು. ನನ್ನ ಮನೆಯಲ್ಲಿ ನೀರಿನ ಕೊಡ ಎಲ್ಲಿದೆ ಅಂತ ಆಕೆಗೆ ಹೇಗೆ ಗೊತ್ತು? ವೇಲೂರಿನಿಂದ ಬಂದ ಮೇಲೆ ಎರಡು ತಿಂಗಳು ಇಲ್ಲೇ ಇದ್ದು ಹಾಸಿಗೆ ಹಿಡಿದ ನಮ್ಮಿಬ್ಬರನ್ನೂ ನೋಡಿಕೊಂಡವಳು ಅವಳೇ. ಮರೆತಿದ್ದೆ.

೪ ಅಕ್ಟೋಬರ್, ಶುಕ್ರವಾರ. ಹುಬ್ಬಳ್ಳಿ

ಮೊದಲ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೋದೆವು. ಗುರುರಾಜ ಗೋಡೆಗೆ ಒರಗಿ ಕೂತಿದ್ದ. ಬಾತ ಕಾಲನ್ನು ಪಂಚೆಯಿಂದ ಮುಚ್ಚಿಕೊಂಡ.

"ಒಂದು ಗುಳಿಗಿ ಬಿಟ್ಟೆ. ಇನ್ನೊಂದು ಅರ್ಧ ತಗೊಂಡೆ," ಅಂದ. "ದಸರಾದಾಗ ದೇವರ ಮುಂದ ನಿಲ್ಲಬೇಕಿತ್ತು. ಅದಾದ ಮ್ಯಾಲೆ ಮತ್ತ ಶುರು ಮಾಡಾಂವ ಇದ್ದೆ."

"ನಂದು ಕೊಟ್ಟದ್ದು ಇದಕ್ಕೇನ? ಮೋರಿಗೆ ಹಾಕ್ಲಿಕ್ಕೆ?"

"ನಂದು, ನಂದು!" ಅವನು ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಎರಡು ವರ್ಷ ಆತು ಅಕ್ಕಾ, ಈ ಹೊಟ್ಟಿ ಬಾಡಗಿ ಮನಿ ಆಗೇದ. ಮಾಲಕರು ಪ್ರತಿ ರವಿವಾರ ನೋಡ್ಲಿಕ್ಕೆ ಬರ್ತಾರ, ಗ್ವಾಡಿ ನೆಟ್ಟಗ ಅದಾವೋ ಇಲ್ಲೋ ಅಂತ. ನಂದು ಅಂತ ಉಳದದ್ದು ಆ ಪೂಜಿ ಒಂದ."

ಬಹಳ ನೋವಾಯಿತು. ಇವನು ಹೀಗನ್ನಬಹುದೇ ಅಂತ ನೋವು, ಅಂದದ್ದರಲ್ಲಿ ಸುಳ್ಳೆಷ್ಟು ಅಂತ ಹುಡುಕಿದರೆ ಸಿಗಲಿಲ್ಲವಲ್ಲ ಅಂತ ಇನ್ನೊಂದು ನೋವು.

ವಿಮಲಾ ಅವನ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಮಾತು ಆಮ್ಯಾಲೆ ಆಡೂಣು ಅಂತ. ಬಸ್ಸಿನ ಹೊತ್ತಾತು," ಅಂದಳು. ಇಬ್ಬರೂ ಎದ್ದೆವು.

ಈಗ ದೊಡ್ಡ ದವಾಖಾನೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಕಿಡ್ನಿ ಅರ್ಧ ಕೆಲಸ ನಿಲ್ಲಿಸಿದೆ ಅಂದರು. ಉಳಿಯುತ್ತದೋ ಇಲ್ಲವೋ ಹೇಳಲಾರರು.

೯ ಅಕ್ಟೋಬರ್

ದಿನಾ ದೊಡ್ಡ ಇಂಜೆಕ್ಷನ್. ಕಾವಲುಗಾರನನ್ನು ಮತ್ತೆ ಮಲಗಿಸಬೇಕು.

ಕೂತಲ್ಲಿ ನನ್ನ ತಲೆ ಸುಮ್ಮನಿರುವುದಿಲ್ಲ. ವಿಮಲಾಗೆ ಹೇಳಿದೆ: "ಊರಿಗೆ ಹೋದ ಮ್ಯಾಲೆ ಕುಬಸ ಅಂತಾರ. ಬಸುರು ಇಳೀತು ಅಂತ ಹೇಳಿಬಿಡೂಣು. ಈ ಗದ್ದಲದಾಗ ಹೋತು ಅಂತ. ಯಾರೂ ಏನೂ ಕೇಳೂದಿಲ್ಲ."

ವಿಮಲಾ ನನ್ನನ್ನೇ ನೋಡಿದಳು. ಆಕೆಯ ಕಣ್ಣು ಇಷ್ಟು ಕಪ್ಪು ಅಂತ ನನಗೆ ಗೊತ್ತಿರಲಿಲ್ಲ.

"ಇಲ್ಲದ ಕೂಸಿಗೆ ನಾ ಅಳೂದಿಲ್ಲ ಅಕ್ಕಾರ. ಕೂಸು ಇಲ್ಲ ಅಂತ ಅಳ್ಲಿಕ್ಕೇ ನನಗ ಈ ಮನ್ಯಾಗ ಯಾರೂ ಪುರಸೊತ್ತು ಕೊಟ್ಟಿಲ್ಲ. ನನ್ನ ರಕ್ತ ಕೂಡಿದ್ರ ಕಿಡ್ನಿ ನಾನ ಕೊಡ್ತಿದ್ದೆ. ಕೊಟ್ಟು ಸುಮ್ಮನಿರ್ತಿದ್ದೆ."

ಕೊನೆಯ ಮಾತು ನನಗೇ ಹೇಳಿದ್ದು. ಹೇಳಲಿ.

೧೪ ಅಕ್ಟೋಬರ್

ಅವನ ಕಿಡ್ನಿ ಉಳಿಯಿತು. ಪೂರ್ತಿ ಅಲ್ಲ, ಆದರೆ ಉಳಿಯಿತು. ಇವತ್ತಿಗೆ ಇಷ್ಟೇ ಸಾಕು.

೨೦ ಅಕ್ಟೋಬರ್, ರವಿವಾರ. ಲಕ್ಷ್ಮೇಶ್ವರ

ಮೊನ್ನೆ ಊರಿಗೆ ಬಂದೆವು. ಜಾನಕೀಬಾಯಿ ತನ್ನ ಪಡಸಾಲೆಯಲ್ಲಿ ಮಣೆ ಹಾಕಿ, ರಂಗೋಲಿ ಬಿಟ್ಟು, ಹೆಂಗಸರನ್ನು ಕರೆದು ಎಲ್ಲಾ ತಯಾರಿ ಮಾಡಿದ್ದಳು. ಮೋತಿಬಿ ಹಸಿರು ಬಳೆಯ ಮಲಾರ ಬಿಚ್ಚಿ ಕೂತಿದ್ದಳು. ವಿಮಲಾ ಕರೆದ ಕೂಡಲೇ ಹೋದದ್ದು ನೋಡಿ, ಆಕೆ ಮನಸ್ಸು ಬದಲಿಸಿದಳು ಅಂದುಕೊಂಡೆ.

ಮೋತಿಬಿ ಆಕೆಯ ಕೈ ಹಿಡಿದು ಬೆರಳು ಒತ್ತಿದಳು. "ಕೈ ಸಡ್ಲ ಬಿಡ್ರಿ ಬಾಯಾರ, ನೋವಾಗಂಗಿಲ್ಲ."

ವಿಮಲಾ ಕೈ ಹಿಂದಕ್ಕೆ ತೆಗೆದುಕೊಂಡಳು.

"ನನ್ನ ಹೊಟ್ಟ್ಯಾಗ ಏನೂ ಇಲ್ರಿ," ಅಂದಳು. "ಹೊಟ್ಟ್ಯಾಗ ಹೊತ್ತವರು ನಮ್ಮ ಮನೀಯವರು. ಅಕ್ಕಾರ ಕೊಟ್ಟ ಕಿಡ್ನಿ. ಅದು ಉಳೀಬೇಕಂದ್ರ ಗುಳಿಗಿ ತಗೋಬೇಕು, ಗುಳಿಗಿ ತಗೊಂಡ್ರ ಮಾರಿ ಮ್ಯಾಲೆ ಗುಳ್ಳಿ ಏಳ್ತಾವ. ಅದು ಕುಷ್ಠ ಅಲ್ಲ. ಕತ್ತಿ ಮುಟ್ಟಿಸಬಾರದು, ಅದಕ್ಕ ಗಡ್ಡ. ಇಷ್ಟ ಖರೆ."

ಜಾನಕೀಬಾಯಿಯ ಮುಖ ಕೆಂಪಾಯಿತು. "ಹಂಗಾದ್ರ ಇಷ್ಟು ದಿನ ನಮ್ಮ ಕಡಿಂದ ಉಡಿ ಯಾಕ ತುಂಬಿಸ್ಕೊಂಡ್ಯವಾ?"

ವಿಮಲಾ ತಲೆ ತಗ್ಗಿಸಿದಳು. ನಾನು ಎದ್ದು ನಿಂತೆ. ಎದ್ದದ್ದು ಯಾವಾಗ ಅಂತ ನನಗೇ ಗೊತ್ತಾಗಲಿಲ್ಲ.

"ಆಕಿನ್ನ ಕೇಳಬ್ಯಾಡ್ರಿ. ಬಾಯಿ ಮುಚ್ಚಿಕೊಂಡಿರು ಅಂತ ಹೇಳಿದಾಕಿ ನಾನು. ಆಕಿ ಒಪ್ಪಿಗಿ ನಾ ಕೇಳಲಿಲ್ಲ."

ಜಾನಕೀಬಾಯಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಮೋತಿಬಿ ಮಾತ್ರ ಕೂತಲ್ಲೇ ಹಸಿರು ಬಳೆಗಳನ್ನು ಕಟ್ಟಿ ಬದಿಗಿಟ್ಟು ಬೇರೆ ಗಂಟು ಬಿಚ್ಚಿದಳು.

"ಬಳಿ ಇಟ್ಟುಕೊಳ್ಳಾಕ ಬಸುರ ಇರಬೇಕಂತ ಏನೈತ್ರಿ? ಹಬ್ಬದಾಗ ಬರಿಗೈಲೆ ಏಳಬ್ಯಾಡ್ರಿ. ಯಾವ ಬಣ್ಣ ಇಡ್ಲಿ?"

ವಿಮಲಾ ಬಹಳ ಹೊತ್ತು ನೋಡಿ ನೀಲಿ ಬಳೆ ತೋರಿಸಿದಳು.

ಸಂಜೆ ಪಾಂಡುರಂಗರಾಯರು ಮನೆಗೇ ಬಂದರು. ಪೂಜೆ ಇನ್ನು ಗೋಪಾಲನದು. ಹೊರಗಿನ ಕಟ್ಟೆಯ ಮೇಲೆ ಸಂಜೆಯ ಪುರಾಣ ಗುರುರಾಜ ಹೇಳಬಹುದು, ಮಂದಿ ಕೇಳಲಿಕ್ಕೆ ಬಂದರೆ. ಅವರು ಹೋದ ಮೇಲೆ ಗುರುರಾಜ ಅತ್ತ. ನಾನೂ ಅತ್ತೆ. ಮೂರು ತಲೆಮಾರು ಮುಟ್ಟಿದ ದೇವರು. ವಿಮಲಾ ಅಳಲಿಲ್ಲ, ಗುಳಿಗೆ ಮತ್ತು ನೀರು ತಂದು ಅವನ ಮುಂದಿಟ್ಟಳು, ಅಷ್ಟೆ. ತಗೋ ಅಂತ ಹೇಳಲಿಲ್ಲ. ಅವನು ತೆಗೆದುಕೊಂಡ.

೨೪ ನವೆಂಬರ್, ರವಿವಾರ. ಬೆಟಗೇರಿ

ಒಂದು ತಿಂಗಳ ಮೇಲಾಗಿತ್ತು ಲಕ್ಷ್ಮೇಶ್ವರಕ್ಕೆ ಹೋಗಿ. ಹೋಗಬಾರದು ಅಂತಲ್ಲ. ರವಿವಾರ ಹೇಗೋ ಬರುತ್ತಿತ್ತು, ಹೇಗೋ ಹೋಗುತ್ತಿತ್ತು. ಇವತ್ತು ವಿಮಲಾ ಜೋಳದ ಹಿಟ್ಟಿನ ವಡೆ ಮಾಡುತ್ತೇನೆ ಅಂತ ಖಬರ ಕಳಿಸಿದ್ದಳು, ಹೋದೆ.

ಗುರುರಾಜ ಬಾಗಿಲಿಗೆ ಬಂದ. ಹುಬ್ಬಿನ ಮೇಲೆ, ಮೂಗಿನ ಬದಿಗೆ, ಗಡ್ಡದೊಳಗೆ, ಎಲ್ಲಾ ಕಡೆ ಗುಳ್ಳೆ. ಸಾಬೂದಾಣಿಯಂಥ ಗುಳ್ಳೆ, ನಡುವೆ ಕುಳಿ. ಅದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಜೂನ್ ತಿಂಗಳಲ್ಲಿ ಇವನ್ನೇ ನೋಡಿ ಎದೆ ಒಡೆದುಕೊಂಡಿದ್ದೆ. ಮಲಗಿರಲಿ ಕಾವಲುಗಾರ, ಸುಖವಾಗಿ ಮಲಗಿರಲಿ.

ಪುರಾಣಕ್ಕೆ ಮೊದಮೊದಲು ಯಾರೂ ಬರಲಿಲ್ಲವಂತೆ. ಖಾಲಿ ಕಟ್ಟೆಗೇ ಹೇಳಿದನಂತೆ. ಈಗ ಹತ್ತು ಹನ್ನೆರಡು ಮಂದಿ ಸ್ವಲ್ಪ ದೂರ ಕೂತು ಕೇಳುತ್ತಾರೆ. ಎಲ್ಲರಿಗಿಂತ ಮುಂದೆ ಕೂಡುವವಳು ಜಾನಕೀಬಾಯಿ, ವಿಮಲಾಳ ಜೊತೆ ಇನ್ನೂ ಮಾತಿಲ್ಲ. ಫಕ್ಕೀರಪ್ಪ ಪ್ರತಿ ಸೋಮವಾರ ಬಂದು ಹೊರಗೇ ನಿಂತು, "ಗಡ್ಡಕ್ಕ ಕತ್ತರಿನರ ಆಡಿಸ್ಲೇನ್ರಿ ಆಚಾರ್ರ?" ಅಂತ ಕೇಳಿ ಹೋಗುತ್ತಾನಂತೆ.

ಸಂಜೆ ಇಬ್ಬರೂ ನನ್ನನ್ನು ಬಸ್ಸಿಗೆ ಕಳಿಸಲಿಕ್ಕೆ ಬಂದರು. ಸ್ಟ್ಯಾಂಡಿನಲ್ಲಿ ಮುಂಡರಗಿಯ ದೂರದ ನೆಂಟರೊಬ್ಬರು ಸಿಕ್ಕರು. ಗುರುರಾಜನ ಗಡ್ಡ ನೋಡಿ ಮುಖ ಅರಳಿಸಿದರು.

"ಏನಪಾ ಗುರುರಾಜ, ಮನ್ಯಾಗ ಏನೋ ವಿಶೇಷ ಅದ!"

ವಿಮಲಾಳ ಕಡೆ ನೋಡಲಿಕ್ಕೆ ಧೈರ್ಯ ಬರಲಿಲ್ಲ. ಗುರುರಾಜ ಬಲಗೈಯನ್ನು ಹೊಟ್ಟೆಯ ಕೆಳಗೆ, ಬಲಮಗ್ಗುಲಿಗೆ ಇಟ್ಟುಕೊಂಡ.

"ಅದರಿ ಕಾಕಾ. ಆದ್ರ ನಂದು. ಮತ್ತ ಇದಕ್ಕ ಹೆರಗಿ ಇಲ್ಲ, ಹೊತ್ತುಕೊಂಡ ಇರೂದು."

ವಿಮಲಾ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲಲಿಲ್ಲ, ನೀಲಿ ಬಳೆ ಗಲಗಲ ಅಂದವು. ಮದುವೆಯಾಗಿ ಬಂದ ಮೇಲೆ ಆಕೆ ಹೀಗೆ ನಕ್ಕದ್ದನ್ನು ನಾನು ನೋಡಿಲ್ಲ, ಅಥವಾ ನಾನು ಆ ಕಡೆ ನೋಡೇ ಇರಲಿಲ್ಲ. ನನಗೂ ನಗು ತಡೆಯಲಿಲ್ಲ.

ಬಸ್ಸು ಮುಳಗುಂದ ದಾಟಿದ ಮೇಲೆ ನೆನಪಾಯಿತು, ಇವತ್ತು ಅವನಿಗೆ ಗುಳಿಗೆ ತಗೊಂಡ್ಯಾ ಅಂತ ನಾನು ಕೇಳಲೇ ಇಲ್ಲ.